ನೆಟ್ ಬರವಲ್ದು, ಮೆಮೊರಿ ಫುಲ್ ಆಗ್ಯಾದ

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ 150ಎ ಹೆದ್ದಾರಿಯ ಮೇಲೆ ಸಾಲಾಗಿ ಕೂತಿರುವ ಊರುಗಳು. ಕಂಪ್ಯೂಟರ್ ರಿಪೇರಿಯ ಸ್ಕ್ರೂಡ್ರೈವರ್ ಚೀಲ ಹೆಗಲಿಗೆ ಹಾಕಿಕೊಂಡು ವರ್ಷಗಟ್ಟಲೆ ಈ ರಸ್ತೆಯ ಬಸ್ಸುಗಳಲ್ಲಿ ಓಡಾಡಿದ್ದೇನೆ. ಯಾವ ಊರಿನಿಂದ ಫೋನ್ ಬಂದರೂ ಮಾತು ಎರಡೇ. ಒಂದು, "ನೆಟ್ ಬರವಲ್ದು". ಇನ್ನೊಂದು, "ಮೆಮೊರಿ ಫುಲ್ ಆಗ್ಯಾದ, ಸಿಸ್ಟಮ್ ಹ್ಯಾಂಗ್ ಹೊಡಿಲಿಕ್ಕತ್ತದ". ಕೊನೆಗೆ ಪರಿಹಾರವನ್ನೂ ಅವರೇ ಹೇಳಿಬಿಡುತ್ತಾರೆ: "ಬಂದು ಒಂದ್ಸಲ ಫಾರ್ಮ್ಯಾಟ್ ಹೊಡ್ದು ಹೋಗ್ರಿ."

ಕಂಪ್ಯೂಟರ್ ಹಳೆಯದು ಎನ್ನುವುದು ನಿಜ. ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಗೊಬ್ಬರದ ಅಂಗಡಿಯ ಬಿಲ್ಲಿಂಗ್ ಟೇಬಲ್, ರೈಸ್ ಮಿಲ್ಲಿನ ವೇಬ್ರಿಡ್ಜ್ ಕೋಣೆ, ಎಲ್ಲಿ ನೋಡಿದರೂ ಹತ್ತು ಹದಿನೈದು ವರ್ಷದ ಹಿಂದೆ ಜೋಡಿಸಿದ ಡಬ್ಬಿಗಳೇ. ಅವುಗಳನ್ನು ಬಿಸಾಕದೆ ಇಟ್ಟುಕೊಂಡಿದ್ದಕ್ಕೆ ಕಾರಣವೂ ಉಂಟು. ಪೇಜ್‌ಮೇಕರ್ 7, ಹಳೆಯ ನುಡಿ ಫಾಂಟುಗಳು, ಲಗ್ನಪತ್ರಿಕೆಯ ನೂರಾರು ಮಾದರಿಗಳು ಅದರಲ್ಲೇ ಇವೆ, ಮಾಲೀಕರ ಕೈಯೂ ಅದಕ್ಕೇ ಒಗ್ಗಿದೆ. ನನ್ನ ತಕರಾರು ಯಂತ್ರದ ಬಗ್ಗೆ ಅಲ್ಲ, ಆ ಎರಡು ಪದಗಳ ಬಗ್ಗೆ. "ನೆಟ್" ಅನ್ನುವ ಒಂದು ಪದದಲ್ಲಿ ಐದಾರು ಬೇರೆ ಬೇರೆ ವಸ್ತುಗಳು ಅಡಗಿವೆ. "ಮೆಮೊರಿ"ಯದೂ ಅದೇ ಕಥೆ. ಯಾವುದು ಕೆಟ್ಟಿದೆ ಅಂತ ಬಿಡಿಸಿ ನೋಡುವ ಮೊದಲೇ ಫಾರ್ಮ್ಯಾಟ್‌ಗೆ ಕೈ ಹಾಕುವುದರಿಂದ ಆದ ನಷ್ಟ, ಹಳೆ ಯಂತ್ರ ಕೆಟ್ಟು ಆದ ನಷ್ಟಕ್ಕಿಂತ ಹೆಚ್ಚು. ನಾನು ಮೇಲಿಂದ ಮೇಲೆ ಕೇಳುವ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

"ಪೇಜ್ ತೆರಿಯವಲ್ದು ಅಂದ್ರ ನೆಟ್ ಕಟ್ ಆಗ್ಯಾದ"

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಕೊನೇ ಭಾಗದ ರೈತನ ಗದ್ದೆಗೆ ನೀರು ಬರಲಿಲ್ಲ ಅಂದರೆ ತಪ್ಪು ಎಲ್ಲಿಯದೂ ಇರಬಹುದು. ಡ್ಯಾಮಿನಿಂದಲೇ ಬಿಟ್ಟಿಲ್ಲವೋ, ಮುಖ್ಯ ಕಾಲುವೆ ಒಡೆದಿದೆಯೋ, ಮೇಲಿನವರು ಎತ್ತಿಕೊಂಡರೋ, ತನ್ನದೇ ತೂಬಿನಲ್ಲಿ ಹುಲ್ಲು ಕಟ್ಟಿದೆಯೋ. ರೈತ ಏನು ಮಾಡುತ್ತಾನೆ? ಗದ್ದೆಯಿಂದ ಮೇಲಕ್ಕೆ ತೂಬು ತೂಬು ನೋಡುತ್ತ ಹೋಗುತ್ತಾನೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಚಿಕ್ಕ ಹುಡುಗರ ಬಾಯಲ್ಲೂ ಗೇಟಿನ ನಂಬರ್ ಇತ್ತು. "ಡ್ಯಾಮ್ ಹ್ಯಾಂಗ್ ಆಗ್ಯಾದ" ಅಂತ ಒಬ್ಬರೂ ಅನ್ನಲಿಲ್ಲ.

ಕಂಪ್ಯೂಟರಿನಲ್ಲೂ ಹಾಗೆಯೇ ನಡೆಯಬೇಕು. ಮೊದಲ ತೂಬು ಕೇಬಲ್. ಡಬ್ಬಿಯ ಹಿಂದೆ ಲ್ಯಾನ್ ತಂತಿ ಚುಚ್ಚಿದ ಜಾಗದಲ್ಲಿ ಸಣ್ಣ ದೀಪ ಮಿನುಗುತ್ತಿದೆಯೇ? ಇಲ್ಲವೆಂದರೆ ಮುಂದಿನದೇನೂ ನೋಡಬೇಕಾಗಿಲ್ಲ. ತಂತಿ ಹೋಗಿದೆ, ಅದರ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದು ಸಡಿಲಾಗಿದೆ, ಇಲ್ಲವೇ ಪೋರ್ಟೇ ಸತ್ತಿದೆ. ರೈಸ್ ಮಿಲ್ಲುಗಳಲ್ಲಿ ನಾಲ್ಕನೆಯ ಸಾಧ್ಯತೆಯೊಂದಿದೆ: ಇಲಿ. ಗೋಡೆಯ ಗುಂಟ ಹೋದ ತಂತಿಯನ್ನು ಮೂಲೆಯಲ್ಲಿ ಕಡಿದಿರುತ್ತದೆ, ಹೊರಗಿನ ಸಿಪ್ಪೆ ನೋಡಿದರೆ ಗೊತ್ತೂ ಆಗುವುದಿಲ್ಲ.

ಎರಡನೆಯ ತೂಬು, ಕಂಪ್ಯೂಟರಿಗೆ ವಿಳಾಸ ಸಿಕ್ಕಿದೆಯೇ ಅನ್ನುವುದು. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಹೊಡೆದರೆ ಒಂದು ಅಂಕಿ ಬರುತ್ತದೆ. ಅದು 192.168ರಿಂದ ಶುರುವಾದರೆ ಬಹುಮಟ್ಟಿಗೆ ಸರಿ, ರೂಟರ್ ಇದನ್ನು ಗುರುತಿಸಿ ವಿಳಾಸ ಕೊಟ್ಟಿದೆ. 169.254 ಅಂತ ಶುರುವಾದರೆ ಕೇಳಿದಾಗ ರೂಟರ್ ಕೊಡಲಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ಸುಳ್ಳು ವಿಳಾಸ ಇಟ್ಟುಕೊಂಡು ಕೂತಿದೆ ಅಂತ ಅರ್ಥ. ರೂಟರನ್ನು ಒಂದು ನಿಮಿಷ ಆರಿಸಿ ಹಚ್ಚಿದರೆ ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಮೂರನೆಯದು, ರೂಟರಿಗೇ ಪಿಂಗ್ ಹೊಡೆಯುವುದು, ಅಂದರೆ ಕೂಗಿ ಉತ್ತರ ಬರುತ್ತದೋ ನೋಡುವುದು. ನಾಲ್ಕನೆಯದು, ಹೊರಗಿನ 8.8.8.8ಕ್ಕೆ ಪಿಂಗ್. ಅದು ಗೂಗಲ್‌ನ ಸಾರ್ವಜನಿಕ ಸರ್ವರ್, ಸುಲಭವಾಗಿ ನೆನಪಿರುವ ಅಂಕಿ. ಮೂರನೆಯದಕ್ಕೆ ಉತ್ತರ ಬಂದು ನಾಲ್ಕನೆಯದಕ್ಕೆ ಬರಲಿಲ್ಲ ಅಂದರೆ ನಿಮ್ಮ ಕಂಪ್ಯೂಟರ್ ನಿರಪರಾಧಿ, ತೊಂದರೆ ರೂಟರಿನಿಂದಾಚೆ. ಫೈಬರ್ ಡಬ್ಬಿಯ ಮೇಲೆ ಎಲ್‌ಓಎಸ್ ಅನ್ನುವ ಕೆಂಪು ದೀಪ ಹತ್ತಿದ್ದರೆ ಬೆಳಕೇ ಬರುತ್ತಿಲ್ಲ ಅಂತ, ಅಂದರೆ ಎಲ್ಲೋ ಜೆಸಿಬಿ ತನ್ನ ಕೆಲಸ ಮಾಡಿದೆ. ನಾಲ್ಕಕ್ಕೂ ಉತ್ತರ ಬಂದು ಹೆಸರು ಹೊಡೆದರೆ ಮಾತ್ರ ಪೇಜ್ ತೆರೆಯದಿದ್ದರೆ, ಹೆಸರನ್ನು ಅಂಕಿಗೆ ಬದಲಿಸಿ ಕೊಡುವ ಡಿಎನ್‌ಎಸ್ ಕೈಕೊಟ್ಟಿದೆ.

ಇಷ್ಟಕ್ಕೆ ಬೇಕಾದದ್ದು ಐದು ನಿಮಿಷ. ಆದರೆ ಅರ್ಜಿಯ ಕೊನೆಯ ದಿನ ಕೌಂಟರಿನ ಮುಂದೆ ಇಪ್ಪತ್ತು ಹುಡುಗರು ನಿಂತಿರುವಾಗ ಯಾರಿಗೂ ಆ ತಾಳ್ಮೆ ಇರುವುದಿಲ್ಲ, ಮತ್ತು ಆ ದಿನ ಆಚೆ ತುದಿಯ ಸರ್ವರೇ ಕುಸಿದಿರುವ ಸಂಭವ ಎಲ್ಲಕ್ಕಿಂತ ಹೆಚ್ಚು. ಬೇರೆ ನಾಲ್ಕು ತಾಣ ತೆರೆದು, ಬೇಕಾದ ಒಂದು ಮಾತ್ರ ತೆರೆಯದಿದ್ದರೆ ರೂಟರನ್ನು ಸುಮ್ಮನೆ ಹಿಂಸಿಸಬೇಡಿ.

"ವೈಫೈ ಕಡ್ಡಿ ಪೂರ್ತಿ ಅದಾವ, ಆದ್ರೂ ನೆಟ್ ಇಲ್ಲ"

ಆ ಕಡ್ಡಿಗಳು ಹೇಳುವುದು ರೂಟರಿಗೂ ನಿಮ್ಮ ಲ್ಯಾಪ್‌ಟಾಪಿಗೂ ನಡುವಿನ ನಂಟನ್ನು ಮಾತ್ರ. ರೂಟರಿಗೆ ಇಂಟರ್ನೆಟ್ ಇದೆಯೋ ಇಲ್ಲವೋ ಅವಕ್ಕೆ ಗೊತ್ತಿಲ್ಲ. ಹೊಲಗಾಲುವೆ ಚೊಕ್ಕಟವಾಗಿದೆ, ನೀರೇ ಇಲ್ಲ ಅನ್ನೋ ಹಾಗೆ.

ಇದರ ಪಕ್ಕದಲ್ಲೇ ಇನ್ನೊಂದು ದೂರು. ಹೊಸ ರೂಟರ್ ಹಾಕಿಸಿದ ಮರುದಿನ "ಮೊಬೈಲ್‌ದಾಗ ಹೆಸರು ಕಾಣ್ತದ, ಲ್ಯಾಪ್‌ಟಾಪ್‌ದಾಗ ಕಾಣವಲ್ದು, ಲ್ಯಾಪ್‌ಟಾಪ್ ಕೆಟ್ಟದ". ಕೆಟ್ಟಿರುವುದಿಲ್ಲ. ಹೊಸ ರೂಟರುಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಪ್ರಸಾರ ಮಾಡುತ್ತವೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ ಮೊದಲನೆಯದು ಮಾತ್ರ ಕೇಳಿಸುತ್ತದೆ. 5ರ ಹೆಸರು ಅದರ ಪಾಲಿಗೆ ಇಲ್ಲವೇ ಇಲ್ಲ. ರೂಟರ್ ಸೆಟ್ಟಿಂಗ್‌ನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟು, ಭದ್ರತೆಯನ್ನು ಡಬ್ಲ್ಯುಪಿಎ3 ಬಿಟ್ಟು ಡಬ್ಲ್ಯುಪಿಎ2ಕ್ಕೆ ಇಟ್ಟರೆ ಹಳೆ ಲ್ಯಾಪ್‌ಟಾಪ್ ತಾನಾಗಿ ಹತ್ತುತ್ತದೆ. ಇನ್ನು ಎರಡಡಿ ದಪ್ಪದ ಕಲ್ಲುಗೋಡೆಯ ಹಳೇ ಮನೆಯಲ್ಲಿ ರೂಟರನ್ನು ಪಡಸಾಲೆಯ ಕಬ್ಬಿಣದ ಅಲಮಾರಿಯ ಹಿಂದಿಟ್ಟು ಒಳಕೋಣೆಯಲ್ಲಿ ನೆಟ್ ಬರಲಿಲ್ಲ ಅಂದರೆ ಅದಕ್ಕೆ ನನ್ನಲ್ಲಿ ಔಷಧಿಯಿಲ್ಲ. ಅಲಮಾರಿ ಸರಿಸಿ.

"ನೂರರ ಪ್ಲಾನ್ ಹಾಕ್ಸೀನಿ, ಹನ್ನೆರಡೇ ಬರ್ತದ. ಕಂಪ್ಯೂಟರ್ ಹಳೇದಾತು"

ಹನ್ನೆರಡು ಬಂದರೆ ಪೂರ್ತಿ ಬಂದಂತೆಯೇ. ಕಂಪನಿ ಹೇಳುವ 100 ಮೆಗಾಬಿಟ್ ಲೆಕ್ಕ, ಡೌನ್‌ಲೋಡ್ ಕಿಟಕಿಯಲ್ಲಿ ಕಾಣುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್; 100ನ್ನು 8ರಿಂದ ಭಾಗಿಸಿದರೆ 12.5.

"ಎಲ್ಲಾ ಸೈಟಿಗೂ ಕೆಂಪು ಅಕ್ಷರ ಬರ್ತದ, ವೈರಸ್ ಹೊಕ್ಕದ"

ಇದೊಂದನ್ನು ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ನಾನೂ ಒಮ್ಮೆ ಬೇಸ್ತುಬಿದ್ದಿದ್ದೇನೆ.

ಮಸ್ಕಿಯ ಒಂದು ಜೆರಾಕ್ಸ್ ಅಂಗಡಿ. ಯಾವ ತಾಣ ತೆರೆದರೂ "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಅನ್ನುವ ಎಚ್ಚರಿಕೆ. ಕೇಬಲ್ ಸರಿ, ವಿಳಾಸ ಸರಿ, ಪಿಂಗ್ ಸರಿ. ನಾನು ಹೋಗುವಷ್ಟರಲ್ಲೇ ಬೇರೊಬ್ಬರು ಬಂದು ಎರಡು ಆ್ಯಂಟಿವೈರಸ್ ಹಾಕಿ ಹೋಗಿದ್ದರು. ಅವೆರಡೂ ಒಂದರ ಮೇಲೊಂದು ಕಾವಲು ಕೂತು ಯಂತ್ರ ಇನ್ನಷ್ಟು ತೆವಳುತ್ತಿತ್ತು. ನಾನು ಬ್ರೌಸರ್ ತೆಗೆದು ಮತ್ತೆ ಹಾಕಿದೆ. ಅದೇ ಕೆಂಪು. ಮುಕ್ಕಾಲು ಗಂಟೆ ಬೆವರು ಸುರಿಸಿದ ಮೇಲೆ ಮಾಲೀಕರ ಮಗ, ಎಂಟನೆಯ ತರಗತಿಯವನಿರಬೇಕು, ಪರದೆಯ ಕೆಳಮೂಲೆಗೆ ಬೊಟ್ಟು ಮಾಡಿ, "ಅಣ್ಣ, ಇದ್ರಾಗ 2009 ಅಂತ ಅದ" ಅಂದ.

ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟಿರುವ ಬ್ಯಾಟರಿ ಇರುತ್ತದೆ. ಸಿಆರ್2032, 3 ವೋಲ್ಟಿನದು. ಕಂಪ್ಯೂಟರ್ ಆರಿಸಿದಾಗ ಗಡಿಯಾರ ಓಡುವುದು ಅದರ ಮೇಲೆ. ಅದು ಸತ್ತರೆ ಪ್ರತಿಸಲ ಹಚ್ಚಿದಾಗಲೂ ಯಂತ್ರ ತಾನು ಹುಟ್ಟಿದ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ತಾರೀಕಿಗೂ ತಾಣಕ್ಕೂ ಏನು ಸಂಬಂಧ? ಸುರಕ್ಷಿತ ತಾಣಗಳೆಲ್ಲ ಒಂದು ಪ್ರಮಾಣಪತ್ರ ತೋರಿಸುತ್ತವೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಬರೆದಿರುತ್ತದೆ. 2009ರಲ್ಲಿ ಕೂತ ಯಂತ್ರಕ್ಕೆ ಇವತ್ತಿನ ಪ್ರಮಾಣಪತ್ರ ಇನ್ನೂ ಹುಟ್ಟದ ಕೂಸು. ಆದ್ದರಿಂದ ಎಲ್ಲವನ್ನೂ ಸುಳ್ಳು ಅನ್ನುತ್ತದೆ. ಒಂದು ಅರ್ಥದಲ್ಲಿ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ನಮ್ಮ ಕಡೆ ಈ ಬ್ಯಾಟರಿ ಬೇಗ ಸಾಯುವುದಕ್ಕೆ ಒಂದು ಕಾರಣವಿದೆ. ಗೋಡೆಯ ಸ್ವಿಚ್ ಹಾಕಿದ್ದರೆ ಕಂಪ್ಯೂಟರ್ ಆರಿಸಿದ್ದರೂ ಅದರ ಪವರ್ ಸಪ್ಲೈ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಸಣ್ಣ ಕರೆಂಟು ಬೋರ್ಡಿಗೆ ಬರುತ್ತಿರುತ್ತದೆ, ಗಡಿಯಾರ ಅದನ್ನು ಕುಡಿಯುತ್ತದೆ, ಬ್ಯಾಟರಿ ಉಳಿಯುತ್ತದೆ. ನಾವು ರಾತ್ರಿ ಮೇನ್ ಸ್ವಿಚ್ಚನ್ನೇ ಕೆಡವಿ ಶಟರ್ ಎಳೆಯುವವರು. ಹಾಗಂತ ಸ್ವಿಚ್ ಹಾಕಿಟ್ಟು ಹೋಗಿ ಅಂತ ನಾನು ಹೇಳುವುದಿಲ್ಲ, ಸಿಡಿಲಿನ ಮಾತು ಮುಂದೆ ಬರುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಐವತ್ತು ರೂಪಾಯಿಯೊಳಗಿನ ಒಂದು ಬಿಲ್ಲೆ ಬದಲಿಸಿ, ಅಷ್ಟೇ.

ತಾರೀಕು ಸರಿಯಿದ್ದೂ ಕೆಂಪು ಬಂದರೆ ಎರಡನೆಯ ಅನುಮಾನ ಹಳೆಯ ಬ್ರೌಸರ್ ಮತ್ತು ಹಳೆಯ ವಿಂಡೋಸ್ ಮೇಲೆ. ಯಾರ ಪ್ರಮಾಣಪತ್ರ ನಂಬಬೇಕು ಅನ್ನುವ ಪಟ್ಟಿ ಕಂಪ್ಯೂಟರಿನೊಳಗೇ ಇರುತ್ತದೆ, ಅದಕ್ಕೂ ವಯಸ್ಸಾಗುತ್ತದೆ. 2021ರ ಸೆಪ್ಟೆಂಬರ್ 30ರಂದು, ಪ್ರಮಾಣಪತ್ರ ಕೊಡುವ ಸಂಸ್ಥೆಯಾದ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಯಂತ್ರಗಳು ಜಗತ್ತಿನ ಎಷ್ಟೋ ಕಡೆ ಒಂದೇ ದಿನ ಮುನಿಸಿಕೊಂಡವು. ಕ್ರೋಮ್ ವಿಂಡೋಸ್ 7ರ ಮೇಲೆ ಓಡುವುದು 109ನೆಯ ಆವೃತ್ತಿಯವರೆಗೆ ಮಾತ್ರ. 2023ರ ಫೆಬ್ರವರಿಯಲ್ಲಿ ಬಂದ 110ರಿಂದ ಅದು ಆ ಬಾಗಿಲು ಮುಚ್ಚಿತು. ಫೈರ್‌ಫಾಕ್ಸ್‌ನ 115ನೆಯ ದೀರ್ಘಾವಧಿ ಆವೃತ್ತಿ 7ರ ಮೇಲೂ ಓಡುತ್ತದೆ. ನೆಟ್ ಚೆನ್ನಾಗಿದ್ದೂ ಕೆಲವೇ ತಾಣಗಳು ಬಿಳಿ ಹಾಳೆ ತೋರಿಸುವುದು ಬಹುತೇಕ ಬ್ರೌಸರ್ ಹಳೆಯದಾದ ಕಾರಣಕ್ಕೆ.

"ಮೆಮೊರಿ ಫುಲ್ ಆಗ್ಯಾದ, ಅದಕ್ಕ ಸ್ಲೋ ಅದ"

ಯಾವ ಮೆಮೊರಿ? ಇಲ್ಲಿಂದಲೇ ಗೊಂದಲ ಶುರು. ಮಸ್ಕಿಯವರಿಗೆ ನಾನು ಹೇಳುವುದು ಹೀಗೆ. ನಿಮ್ಮೂರ ಗುಡ್ಡದಲ್ಲಿ ಅಶೋಕನ ಬಂಡೆ ಇದೆಯಲ್ಲ, ಅದು ಹಾರ್ಡ್ ಡಿಸ್ಕ್. ಕೆತ್ತಿದ್ದು ಎರಡು ಸಾವಿರ ವರ್ಷ ದಾಟಿದರೂ ಉಳಿದಿದೆ. ಶಾಲೆಯಲ್ಲಿ ನೀವು ಹಿಡಿದ ಹಲಗೆ ರ‍್ಯಾಮ್. ಲೆಕ್ಕ ಮಾಡುವಷ್ಟು ಹೊತ್ತು ಬರೆಯುತ್ತೀರಿ, ಒರೆಸುತ್ತೀರಿ. ಕರೆಂಟು ಹೋದರೆ ಅದು ತಾನೇ ಒರೆಸಿಕೊಳ್ಳುತ್ತದೆ. (ಬಂಡೆ ಶಾಶ್ವತ, ಹಾರ್ಡ್ ಡಿಸ್ಕ್ ಅಲ್ಲ. ಆ ಹೋಲಿಕೆ ಅಲ್ಲಿಗೇ ನಿಲ್ಲಲಿ. ಫೋಟೋ, ದಾಖಲೆ ಎರಡು ಕಡೆ ಇಡಿ.)

ಸಿ ಡ್ರೈವ್ ಕೆಂಪಾಗಿದ್ದಕ್ಕೆ ರ‍್ಯಾಮ್ ಕೊಂಡುತಂದವರನ್ನು ನೋಡಿದ್ದೇನೆ. ಹಲಗೆ ಸಾಲದ್ದಕ್ಕೆ ಒಂದು ಟಿಬಿಯ ಹಾರ್ಡ್ ಡಿಸ್ಕ್ ತಂದವರನ್ನೂ. ನಮ್ಮ ಕಡೆ ಜೋಡಿಸಿದ ಯಂತ್ರಗಳಲ್ಲಿ ಸಿ ಡ್ರೈವಿಗೆ ಐವತ್ತು ಜಿಬಿ ಕೊಟ್ಟು ಉಳಿದದ್ದನ್ನು ಡಿ, ಇ ಅಂತ ಹಂಚುವ ರೂಢಿ. ಡೆಸ್ಕ್‌ಟಾಪ್ ಮೇಲೆ, ಡೌನ್‌ಲೋಡ್‌ನಲ್ಲಿ ಇಟ್ಟದ್ದೆಲ್ಲ ಸಿಯಲ್ಲೇ ತುಂಬುತ್ತದೆ. ಪಕ್ಕದ ಡಿ ಬಣಬಣ. ಹಲಗೆಯಲ್ಲಿ ಜಾಗ ಸಾಲದಾಗ ವಿಂಡೋಸ್ ಸ್ವಲ್ಪ ಲೆಕ್ಕವನ್ನು ಸಿ ಡ್ರೈವಿನ ಪೇಜ್‌ಫೈಲಿನಲ್ಲಿ ಬರೆದಿಡುತ್ತದೆ. ಅಲ್ಲೂ ಜಾಗವಿಲ್ಲದಿದ್ದರೆ "ಮೆಮೊರಿ ಕಡಿಮೆ" ಅನ್ನುವ ಸಂದೇಶ. ನೋಡಿ, ಡಿಸ್ಕ್ ತುಂಬಿದ್ದಕ್ಕೆ ರ‍್ಯಾಮಿನ ಹೆಸರಲ್ಲಿ ದೂರು. ಡೌನ್‌ಲೋಡ್ ಕಡತಗಳನ್ನು ಡಿಗೆ ಸಾಗಿಸಿ, ಡಿಸ್ಕ್ ಕ್ಲೀನಪ್ ಓಡಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಮುಗಿಯುತ್ತದೆ.

ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮ್ ಬಹಳ ಕಡಿಮೆ ಖಾಲಿ ಇದೆ ಅಂತ ಗಾಬರಿಯಾಗುವುದೂ ಬೇಡ. ಖಾಲಿ ಬಿದ್ದ ಹಲಗೆಯಿಂದ ಉಪಯೋಗವಿಲ್ಲ ಅಂತಲೇ ವಿಸ್ತಾ ಕಾಲದಿಂದ ವಿಂಡೋಸ್ ಪದೇಪದೇ ಬೇಕಾಗುವುದನ್ನು ಮೊದಲೇ ತಂದು ಅಲ್ಲಿ ಇಟ್ಟುಕೊಳ್ಳುತ್ತದೆ, ಬೇಕೆಂದಾಗ ಒರೆಸಿ ಜಾಗ ಕೊಡುತ್ತದೆ. ಇದೇ ಕಾರಣಕ್ಕೆ "ರ‍್ಯಾಮ್ ಕ್ಲೀನರ್" ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳು ಮಾಡುವುದು ಉಪಕಾರವಲ್ಲ. ಹತ್ತಿರ ಇಟ್ಟುಕೊಂಡದ್ದನ್ನು ದೂರ ಎಸೆದು, ಮತ್ತೆ ಡಿಸ್ಕಿನಿಂದ ತರುವಂತೆ ಮಾಡುತ್ತವೆ. ಅಂಕಿ ಬದಲಾದದ್ದು ನೋಡಿ ನಮಗೆ ಖುಷಿ, ಯಂತ್ರಕ್ಕೆ ದುಪ್ಪಟ್ಟು ದುಡಿಮೆ. ನಿಜವಾಗಿ ನೋಡಬೇಕಾದದ್ದು ಪಕ್ಕದ ಡಿಸ್ಕ್ ಕಂಬಸಾಲು. ಏನೂ ಮಾಡದಿದ್ದಾಗಲೂ ಅದು ಬಹಳ ಹೊತ್ತು 100ರಲ್ಲೇ ನಿಂತಿದ್ದರೆ ಹೆಚ್ಚಾಗಿ ಒಂದೋ ರ‍್ಯಾಮ್ ಸಾಲದೆ ಪೇಜ್‌ಫೈಲಿಗೆ ಓಡಾಟ ನಡೆದಿದೆ, ಇಲ್ಲವೇ ಡಿಸ್ಕ್ ಸಾಯುತ್ತಿದೆ.

"ಇನ್ನೊಂದು ರ‍್ಯಾಮ್ ಹಾಕಿದ್ರ ಮುಗೀತು"

ಮುಗಿಯುವುದಿಲ್ಲ. ಮೊದಲು ಬೋರ್ಡು ಯಾವ ಪೀಳಿಗೆಯದು ನೋಡಬೇಕು. ಡಿಡಿಆರ್2, ಡಿಡಿಆರ್3, ಡಿಡಿಆರ್4 ರ‍್ಯಾಮ್ ಪಟ್ಟಿಗಳ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಮನೆಯಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿದವರೂ ಇದ್ದಾರೆ.

ಎರಡನೆಯದು 32 ಬಿಟ್ಟಿನ ಗೋಡೆ. ವಿಂಡೋಸ್ 7ರ 32 ಬಿಟ್ ಹಾಕಿದ್ದರೆ ನೀವು ಎಂಟು ಜಿಬಿ ತುಂಬಿದರೂ ಅದು ನಾಲ್ಕರಾಚೆ ಎಣಿಸಲಾರದು, ಆ ನಾಲ್ಕರಲ್ಲೂ ಬೋರ್ಡಿನ ಇತರ ಭಾಗಗಳು ವಿಳಾಸ ಹಿಡಿದುಕೊಂಡು ಮೂರೂ ಚಿಲ್ಲರೆ ಮಾತ್ರ ಕೈಗೆ ಸಿಗುತ್ತದೆ. "ಅಂಗಡಿಯವ ಮೋಸ ಮಾಡ್ಯಾನ, 4 ಜಿಬಿ ಅಂತ 3.2 ಕೊಟ್ಟಾನ" ಅನ್ನುವ ಜಗಳವನ್ನು ನಾನೇ ಬಿಡಿಸಿದ್ದೇನೆ. ಅಂಗಡಿಯವ ಸಾಚಾ, ವಿಂಡೋಸ್ ಚಿಕ್ಕದು.

ಮೂರನೆಯದು ಬಹಳ ಮಂದಿ ರಿಪೇರಿಯವರಿಗೂ ಗೊತ್ತಿಲ್ಲದ್ದು. ಈ ಮೂರೂ ಊರಿನ ಹಳೆ ಡಬ್ಬಿ ಬಿಚ್ಚಿದರೆ ಇಂಟೆಲ್‌ನ ಜಿ41 ಚಿಪ್‌ಸೆಟ್ಟಿನ ಬೋರ್ಡು ಮತ್ತೆ ಮತ್ತೆ ಎದುರಾಗುತ್ತದೆ. ಅದರ ಡಿಡಿಆರ್3 ಮಾದರಿಗೆ ನೀವು ಹೊಸದಾಗಿ 4 ಜಿಬಿಯ ಪಟ್ಟಿ ತಂದರೆ ಎಷ್ಟೋ ಸಲ ಬೀಪ್ ಹೊಡೆದು ನಿಂತುಬಿಡುತ್ತದೆ, ಇಲ್ಲವೇ ಅರ್ಧ ಮಾತ್ರ ತೋರಿಸುತ್ತದೆ. ಪಟ್ಟಿ ಸರಿ, ಬೋರ್ಡೂ ಸರಿ. ಹೊಸ ಪಟ್ಟಿಯಲ್ಲಿ 4 ಜಿಬಿಯನ್ನು ಎಂಟೇ ಚಿಪ್ಪಿನಲ್ಲಿ ಅಡಕಿರುತ್ತಾರೆ, ಅಷ್ಟು ದಟ್ಟ ಚಿಪ್ಪನ್ನು ಜಿ41 ಓದಲಾರದು. ಅದಕ್ಕೆ ಬೇಕಾದದ್ದು ಎರಡೂ ಬದಿ ಎಂಟೆಂಟರಂತೆ ಹದಿನಾರು ಚಿಪ್ಪಿರುವ ಹಳೆಯ ಪಟ್ಟಿ. ಅಂಗಡಿಯಲ್ಲಿ ಪಟ್ಟಿ ತಿರುವಿ ಎಣಿಸಿ ನೋಡಿ. ಇದೊಂದು ಎಣಿಕೆ ತಿಳಿಯದೆ ಒಳ್ಳೆಯ ಬೋರ್ಡುಗಳು ಗುಜರಿಗೆ ಹೋದವು.

"ರಬ್ಬರ್ ತಗೊಂಡು ತಿಕ್ಕಿದ್ರ ರ‍್ಯಾಮ್ ಹೊಸದಾಗ್ತದ"

ತಿಕ್ಕಿದರೆ ಎಷ್ಟೋ ಸಲ ಯಂತ್ರ ಹತ್ತುವುದು ಖರೆ. ಕಾರಣ ಮಾತ್ರ ಬೇರೆ. ಪಟ್ಟಿಯ ಅಂಚಿನಲ್ಲಿ ಹೊಳೆಯುವ ಹಲ್ಲುಗಳಿಗಿರುವುದು ಚಿನ್ನದ ಲೇಪ. ಲಿಂಗಸುಗೂರಿನವರಿಗೆ ಚಿನ್ನದ ಗುಣ ನಾನು ಹೇಳಬೇಕೇ, ಹಟ್ಟಿಯ ಗಣಿ ಅವರದೇ ತಾಲ್ಲೂಕಿನಲ್ಲಿದೆ. ಚಿನ್ನ ತುಕ್ಕು ಹಿಡಿಯುವುದಿಲ್ಲ. ಕೂತಿರುವುದು ಧೂಳು, ಬೆರಳಿನ ಜಿಡ್ಡು, ಭತ್ತದ ತೌಡಿನ ನಯವಾದ ಪುಡಿ. ಸಿಂಧನೂರಿನ ಮಿಲ್ಲುಗಳ ಸುತ್ತ ಆ ಪುಡಿ ಮುಚ್ಚಿದ ಕೋಣೆಯೊಳಗೂ ಬರುತ್ತದೆ. ಅಷ್ಟಲ್ಲದೆ ಪಟ್ಟಿಯನ್ನು ತೆಗೆದು ಮತ್ತೆ ಕೂರಿಸಿದ್ದೇ ಅರ್ಧ ರಿಪೇರಿ. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ ಸಡಿಲಾದ ಜೋಡಣೆ ಬಿಗಿಯಾಗುತ್ತದೆ. ಚಿನ್ನದ ಲೇಪ ಮೈಕ್ರಾನ್ ಲೆಕ್ಕದ್ದು, ಒರಟು ರಬ್ಬರಿನಲ್ಲಿ ತಿಂಗಳಿಗೊಮ್ಮೆ ತಿಕ್ಕಿದರೆ ಅದೇ ಹೋಗುತ್ತದೆ. ಮೆತ್ತನೆಯ ಬಿಳಿ ರಬ್ಬರ್ ಸಾಕು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆ ಇನ್ನೂ ಒಳ್ಳೆಯದು. ಉದುರಿದ ರಬ್ಬರ್ ಪುಡಿ ಸ್ಲಾಟಿನೊಳಗೆ ಬೀಳದಂತೆ ಹೊರಗೆ ಹಿಡಿದು ತಿಕ್ಕಿ.

ತಿಕ್ಕಿದರೂ ನೀಲಿ ಪರದೆ ಮತ್ತೆ ಮತ್ತೆ ಬಂದರೆ ಪಟ್ಟಿ ನಿಜವಾಗಿ ಕೆಟ್ಟಿರಬಹುದು. ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಅಂತ ಇದೆ, ಮೆಮ್‌ಟೆಸ್ಟ್86 ಪುಕ್ಕಟೆ ಸಿಗುತ್ತದೆ. ರಾತ್ರಿ ಹಚ್ಚಿಬಿಟ್ಟು ಬೆಳಿಗ್ಗೆ ನೋಡಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಒಂದೇ ಪಟ್ಟಿ ಒಂದು ಸ್ಲಾಟಿನಲ್ಲಿ ಓಡಿ ಇನ್ನೊಂದರಲ್ಲಿ ಓಡದಿದ್ದರೆ ತಪ್ಪು ಸ್ಲಾಟಿನದು.

"ಬ್ಯಾಸಗ್ಯಾಗ ಬಾಜೂದ ಬಾಗಿಲಾ ತೆಗೆದಿಟ್ರ ತಂಪಿರ್ತದ"

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ತಗಡಿನ ಶೆಡ್ಡಿನ ಅಂಗಡಿಯಲ್ಲಿ ಮಧ್ಯಾಹ್ನ ಎರಡಕ್ಕೆ ಹ್ಯಾಂಗ್ ಆಗಿ ಬೆಳಿಗ್ಗೆ ಸರಿಯಿರುವ ಕಂಪ್ಯೂಟರಿಗೆ ಮೆಮೊರಿ ರೋಗವಿಲ್ಲ, ಜ್ವರ. ಪ್ರೊಸೆಸರ್ ತೀರಾ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಇನ್ನೂ ಕಾದರೆ ಆರಿಬಿಡುತ್ತದೆ. ಒಣಗಿ ಸುಣ್ಣದಂತಾದ ಥರ್ಮಲ್ ಪೇಸ್ಟ್ ಬದಲಿಸಿ, ಫ್ಯಾನಿನ ಕೆಳಗಿನ ಹೀಟ್‌ಸಿಂಕ್‌ನಲ್ಲಿ ಕಂಬಳಿಯಂತೆ ಕೂತ ಧೂಳು ಊದಿದರೆ ಸಾಕು. ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದಿರಿ, ಬ್ಲೋವರಿನ ಗಾಳಿಗೆ ಗಿರಗಿರ ತಿರುಗಿ ಬೇರಿಂಗ್ ಹೋಗುತ್ತದೆ. ಪಕ್ಕದ ಬಾಗಿಲು ತೆಗೆದಿಟ್ಟರೆ ತಂಪು ಮೊದಲ ವಾರ. ಆಮೇಲೆ ತೌಡಿನ ಧೂಳು, ಹಲ್ಲಿ, ಇಲಿ. ಲಿಂಗಸುಗೂರಿನ ಒಂದು ಡಬ್ಬಿಯಲ್ಲಿ ಹಲ್ಲಿಯೊಂದು ಬೋರ್ಡಿನ ಮೇಲೆ ಸುಟ್ಟು ಅಂಟಿಕೊಂಡಿತ್ತು. ಹಲ್ಲಿಯೂ ಹೋಯಿತು, ಬೋರ್ಡೂ.

"ಡಬ್ಬಿ ಮುಟ್ಟಿದ್ರ ಜುಮ್ ಅಂತದ, ಅದು ಇದ್ದದ್ದೇ"

ಇದ್ದದ್ದಲ್ಲ. ಅರ್ಥಿಂಗ್ ಇಲ್ಲ ಅಂತ ಡಬ್ಬಿ ಕೂಗಿ ಹೇಳುತ್ತಿದೆ. ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸಲು ಇಟ್ಟ ಎರಡು ಸಣ್ಣ ಕೆಪಾಸಿಟರ್‌ಗಳು ಅರ್ಥ್ ತಂತಿಯನ್ನು ನಂಬಿಕೊಂಡಿರುತ್ತವೆ. ಆ ತಂತಿ ಎಲ್ಲಿಗೂ ಹೋಗದಿದ್ದರೆ 230ರ ಸುಮಾರು ಅರ್ಧದಷ್ಟು ವೋಲ್ಟ್ ಡಬ್ಬಿಯ ಮೈಮೇಲೆ ಕೂರುತ್ತದೆ. ಕರೆಂಟು ಅತ್ಯಲ್ಪ, ಮನುಷ್ಯನಿಗೆ ಜುಮ್ ಅಷ್ಟೇ. ಆದರೆ ಪ್ರಿಂಟರ್ ಚುಚ್ಚುವಾಗ ಕಿಡಿ ಹಾರಿ ಪೋರ್ಟ್ ಸುಟ್ಟದ್ದನ್ನು ಕಂಡಿದ್ದೇನೆ. ಇದ್ದಿಲು, ಉಪ್ಪು ಹಾಕಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಿ. ಒಣ ನೆಲ ಕರೆಂಟು ಹೀರುವುದಿಲ್ಲ.

ಸಿಡಿಲಿನದೂ ಇಲ್ಲೇ ಮುಗಿಸುತ್ತೇನೆ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಬಂತೆಂದರೆ ಜನ ಕಂಪ್ಯೂಟರಿನ ಪಿನ್ ಕೀಳುತ್ತಾರೆ, ರೂಟರಿನಿಂದ ಬಂದ ಲ್ಯಾನ್ ತಂತಿ ಹಾಗೇ ಬಿಡುತ್ತಾರೆ. ಹೊಡೆತ ರೂಟರಿನ ಅಡಾಪ್ಟರಿಂದ ಹೊಕ್ಕು ಆ ತಾಮ್ರದ ಗುಂಟ ಬಂದು ಲ್ಯಾನ್ ಪೋರ್ಟ್ ಸುಡುತ್ತದೆ. ಎರಡೂ ಕೀಳಿ. ಈಗಾಗಲೇ ಸುಟ್ಟಿದ್ದರೆ ಬೋರ್ಡು ಬದಲಿಸಬೇಕಾಗಿಲ್ಲ. ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

"ಯಾಕ ತಲಿ ಕೆಡಿಸ್ಕೋತೀರಿ, ಫಾರ್ಮ್ಯಾಟ್ ಹೊಡಿರಿ"

ಸತ್ತ ಬ್ಯಾಟರಿ, ಇಲಿ ಕಡಿದ ತಂತಿ, ಕಾದ ಪ್ರೊಸೆಸರ್, ಎಂಟೇ ಚಿಪ್ಪಿನ ಪಟ್ಟಿ ಇವುಗಳಲ್ಲಿ ಒಂದೂ ಫಾರ್ಮ್ಯಾಟಿನಿಂದ ಸರಿಯಾಗುವುದಿಲ್ಲ. ಹೊಸ ತೊಂದರೆ ಮಾತ್ರ ಖಾತ್ರಿ. ಮೊದಲನೆಯದು ತಮಾಷೆಯದ್ದು. ವಿಂಡೋಸ್ 7 ಹೊಸದಾಗಿ ಹಾಕಿದರೆ ಎಷ್ಟೋ ಬೋರ್ಡಿನ ಲ್ಯಾನ್ ಡ್ರೈವರ್ ಅದರಲ್ಲಿ ಇರುವುದಿಲ್ಲ. ನೆಟ್ ಸರಿ ಮಾಡಲು ಫಾರ್ಮ್ಯಾಟ್ ಹೊಡೆದರೆ ನೆಟ್ ಪೂರ್ತಿ ಹೋಯಿತು, ಡ್ರೈವರ್ ತರಲು ನೆಟ್ ಬೇಕು. ಹೊಡೆಯಲೇಬೇಕಾದರೆ ಮೊದಲು ಲ್ಯಾನ್ ಡ್ರೈವರ್ ಒಂದನ್ನಾದರೂ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.

ಎರಡನೆಯದು ಕಣ್ಣಲ್ಲಿ ನೀರು ತರಿಸಿದ್ದು. ಡಿಟಿಪಿ ಮಾಡುವ ಹೆಣ್ಣುಮಗಳೊಬ್ಬಳು ಫಾರ್ಮ್ಯಾಟ್ ಆದ ಮೇಲೆ ತನ್ನ ಕಡತಗಳನ್ನು ತೆರೆದರೆ ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. "ಫೈಲಿಗೆ ವೈರಸ್ ಹತ್ತಿ ಹಾಳಾದ್ವು" ಅಂತ ಯಾರೋ ಹೇಳಿದ್ದರು, ಅಳಿಸಿಬಿಡುವುದರಲ್ಲಿದ್ದಳು. ಏನೂ ಹಾಳಾಗಿರಲಿಲ್ಲ. ಹಳೆಯ ನುಡಿ, ಬರಹಗಳಲ್ಲಿ ಕನ್ನಡ ಅನ್ನುವುದು ಫಾಂಟಿನ ವೇಷ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅವಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಫಾರ್ಮ್ಯಾಟಿನಲ್ಲಿ ಹೋದದ್ದು ಫಾಂಟ್. ನುಡಿಯನ್ನು ಮತ್ತೆ ಹಾಕಿದ ಕೂಡಲೇ ಲಗ್ನಪತ್ರಿಕೆಗಳೆಲ್ಲ ಎದ್ದು ಕೂತವು. ಯೂನಿಕೋಡಿನಲ್ಲಿ ಬರೆದಿಟ್ಟದ್ದಕ್ಕೆ ಈ ಗೋಳಿಲ್ಲ. ಹಳೆಯದನ್ನು ಪರಿವರ್ತಿಸಲು ಸಲಕರಣೆಗಳಿವೆ, ಬಿಡುವಿದ್ದಾಗ ಮಾಡಿಟ್ಟುಕೊಳ್ಳಿ.

"ವಿಂಡೋಸ್ 10 ಬಂದ್ ಆತು, ಇನ್ನ ಹಳೇ ಸಿಸ್ಟಮ್ ನಡೆಯಂಗಿಲ್ಲ"

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ರಂದು, 10ಕ್ಕೆ 2025ರ ಅಕ್ಟೋಬರ್ 14ರಂದು. ನಿಂತದ್ದು ಭದ್ರತೆಯ ತೇಪೆಗಳು, ಯಂತ್ರವಲ್ಲ. ಆದರೆ ತೇಪೆಯಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ, ಊರವರ ಆಧಾರ್ ಕೆಲಸ ಮಾಡುವುದು ಬೇಡ ಅನ್ನುವುದರಲ್ಲಿ ನಾನು ಗಟ್ಟಿ. ಪೇಜ್‌ಮೇಕರ್ ಡಬ್ಬಿಗೆ ನೆಟ್ಟೇ ಕೊಡಬೇಡಿ, ಅದರ ಪಾಡಿಗೆ ಅದು ಲಗ್ನಪತ್ರಿಕೆ ಮಾಡಿಕೊಂಡಿರಲಿ. ನೆಟ್ಟಿನ ಕೆಲಸಕ್ಕೆ ಇನ್ನೊಂದು ಹಳೆಯದನ್ನೇ ತೆಗೆದುಕೊಂಡು, 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಹಾಕಿ. ಕನ್ನಡ ಟೈಪಿಂಗ್ ಅದರಲ್ಲೂ ಸಲೀಸು.

ಕೈಯಲ್ಲಿ ಸ್ವಲ್ಪ ದುಡ್ಡು ಇದ್ದು ಒಂದೇ ವಸ್ತು ಕೊಳ್ಳುವುದಾದರೆ ರ‍್ಯಾಮ್ ಬೇಡ, ಸಣ್ಣದೊಂದು ಎಸ್‌ಎಸ್‌ಡಿ ತನ್ನಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಿ, ಮುಳ್ಳು ಹುಡುಕಿ ಓದಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಮೂರು ನಿಮಿಷಕ್ಕೆ ಏಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಎದ್ದದ್ದು ನೋಡಿ ಮಾಲೀಕರು "ಹೊಸದೇ ಹಾಕಿದ್ರೇನು" ಅಂತ ಕೇಳಿದ್ದುಂಟು.

ಇಷ್ಟಾದ ಮೇಲೂ ನನಗೆ ಫೋನ್ ಮಾಡಬೇಕಾಗಬಹುದು, ಮಾಡಿ. ಆದರೆ "ನೆಟ್ ಬರವಲ್ದು" ಅನ್ನುವ ಮೊದಲು ಮೂರು ಸಂಗತಿ ಓದಿ ಹೇಳಿ: ಡಬ್ಬಿಯ ಹಿಂದಿನ ದೀಪ ಮಿನುಗುತ್ತಿದೆಯೋ, ರೂಟರಿನ ಮೇಲೆ ಕೆಂಪು ದೀಪ ಇದೆಯೋ, ಪರದೆಯ ಬಲಗಡೆ ಕೆಳಮೂಲೆಯಲ್ಲಿ ಯಾವ ವರ್ಷ ಇದೆ.